ನಳ, ಜೋಳ, ಕೌದಿ: ಹುಬ್ಬಳ್ಳಿ-ಧಾರವಾಡದ ಸಣ್ಣ ಮನೆಯಲ್ಲಿ ಜಾಗ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಸಣ್ಣ ಮನೆಯಲ್ಲಿ ಜಾಗ ಹೊಂದಿಸುವುದನ್ನು ಹೇಳಿಕೊಡುವ ವಿಡಿಯೋಗಳಿಗೆ ಬರವಿಲ್ಲ. ಬಿಳಿ ಗೋಡೆ, ಮಡಚುವ ಟೇಬಲ್ಲು, ಕಿಟಕಿಯಲ್ಲಿ ಒಂದು ಹಸಿರು ಗಿಡ. ಆದರೆ ನೀರು ತುಂಬಿದ ಬ್ಯಾರಲ್ ಆ ಮನೆಗಳಲ್ಲಿ ಕಾಣುವುದಿಲ್ಲ. ಜೋಳದ ಚೀಲ ಇಲ್ಲ, ನಾಲ್ಕು ಮಡಿಕೆ ಕೌದಿ ಇಲ್ಲ, ತವರಿನಿಂದ ಬಂದ ಟ್ರಂಕು ಇಲ್ಲ, ಜಾತ್ರೆಗೆ ಬರುವ ಬೀಗರೂ ಇಲ್ಲ. ನಮ್ಮ ಕಡೆ ಜಾಗ ತಿನ್ನುವುದೇ ಇವು.

ಹಳೇ ಹುಬ್ಬಳ್ಳಿಯ ಓಣಿ ಇರಲಿ, ನವನಗರದ ಬಾಡಿಗೆ ಮನೆ ಇರಲಿ, ಧಾರವಾಡದ ಮಾಳಮಡ್ಡಿಯ ಹಿತ್ತಲಿನ ಎರಡು ಕೋಣೆ ಇರಲಿ, ಕಷ್ಟ ಹೆಚ್ಚುಕಮ್ಮಿ ಒಂದೇ. 20×30 ಸೈಟಿನಲ್ಲಿ ಕಟ್ಟಿದ ಮನೆ. 10×12ರ ಹಾಲು (ನಡುಮನೆ), 10×10ರ ಒಂದು ಕೋಣೆ, 8×8ರ ಅಡುಗೆಮನೆ. ಈ ಬರಹದ ಲೆಕ್ಕವೆಲ್ಲ ಇಂಥ ಮನೆಗೆ, ನಾಲ್ಕು ಜನರ ಸಂಸಾರಕ್ಕೆ. ನಿಮ್ಮ ಅಳತೆ ಬೇರೆಯಾದರೆ ಅಂಕಿ ಬದಲಿಸಿಕೊಳ್ಳಿ. ನಾನು ಹಿಡಿಯುವ ನಿಯಮ ಒಂದೇ: ನೆಲ ಮನುಷ್ಯರಿಗೆ, ಗೋಡೆ ಸಾಮಾನಿಗೆ.

1. ಮೊದಲು ಟೇಪು ಹಿಡಿಯಿರಿ

ಏನನ್ನೂ ಕೊಳ್ಳುವ ಮೊದಲು, ಏನನ್ನೂ ಬಿಸಾಡುವ ಮೊದಲು ಮನೆ ಅಳೆಯಿರಿ. ಮಕ್ಕಳ ಗಣಿತದ ಚೌಕುಳಿ ಹಾಳೆ ಸಾಕು. ಒಂದು ಚೌಕ ಅಂದರೆ ಒಂದು ಅಡಿ.

ಉದ್ದ-ಅಗಲ ಬರೆದುಕೊಂಡರೆ ಮುಗಿಯಲಿಲ್ಲ. ಬಾಗಿಲು ಯಾವ ಕಡೆ ತೆರೆಯುತ್ತದೆ, ತೆರೆದಾಗ ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದನ್ನೂ ಬರೆಯಿರಿ. ಕಿಟಕಿಯ ಕೆಳಗಿನ ಕಟ್ಟೆ ನೆಲದಿಂದ ಎಷ್ಟು ಎತ್ತರದಲ್ಲಿದೆ, ಸ್ವಿಚ್ ಬೋರ್ಡು ಎಲ್ಲಿದೆ, ಬಾಗಿಲ ಮೇಲಿಂದ ಛತ್ತಿಗೆ ಎಷ್ಟು ಉಳಿದಿದೆ ಅನ್ನುವುದೂ ಬೇಕು. ಸಾಮಾನ್ಯವಾಗಿ ಬಾಗಿಲು 7 ಅಡಿ, ಛತ್ತು 10 ಅಡಿ. ನಡುವಿನ 3 ಅಡಿ ನಾಲ್ಕೂ ಗೋಡೆಗೆ ಸುಮ್ನೆ ಖಾಲಿ ಬಿದ್ದಿರುತ್ತದೆ. ಗೋದ್ರೆಜ್ ಕಪಾಟಿನ ತಲೆಯ ಮೇಲೂ ಅಷ್ಟೇ, ಹತ್ತಿರ ಹತ್ತಿರ 3 ಅಡಿ.

ಹೊಸ ಮಂಚ, ದಿವಾನ ತರುವ ವಿಚಾರ ಇದ್ದರೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಅದರ ಗೆರೆ ಎಳೆಯಿರಿ. ಎರಡು ದಿನ ಆ ಗೆರೆ ದಾಟದೆ ಓಡಾಡಿ ನೋಡಿ. ಓಡಾಟಕ್ಕೆ ಕನಿಷ್ಠ ಎರಡೂವರೆ ಅಡಿ ಬೇಕು. ಅದಕ್ಕಿಂತ ಕಡಿಮೆ ಆದರೆ ತುಂಬಿದ ಕೊಡ ಹಿಡಿದು ನಡೆಯುವವರ ಮೊಣಕೈ ತಾಗುತ್ತದೆ.

2. ಸಾಮಾನನ್ನು ದಿನದ ಲೆಕ್ಕದಲ್ಲಿ ವಿಂಗಡಿಸಿ

ಬೇಡದ್ದೆಲ್ಲ ಎಸೆಯಿರಿ ಅನ್ನುವ ಸಲಹೆ ನಮ್ಮ ಮನೆಗಳಲ್ಲಿ ನಡೆಯುವುದಿಲ್ಲ. ಅತ್ತೆಯ ಹಿತ್ತಾಳೆ ಹಂಡೆ ಯಾರು ಎಸೆಯುತ್ತಾರೆ? ಹಾಗಾಗಿ ಎಸೆಯುವ ಮಾತು ಬಿಟ್ಟು, ಎಷ್ಟು ದಿನಕ್ಕೊಮ್ಮೆ ಕೈಗೆ ಬೇಕು ಅನ್ನುವುದನ್ನು ಕೇಳಿಕೊಳ್ಳಿ.

ದಿನಾ ಬೇಕಾದದ್ದು ಸೊಂಟದಿಂದ ಕಣ್ಣಿನ ಎತ್ತರದ ನಡುವೆ ಇರಲಿ. ವಾರಕ್ಕೊಮ್ಮೆ ಬೇಕಾದದ್ದು ಮೊಣಕಾಲಿನ ಕೆಳಗೆ. ಮಳೆಗಾಲಕ್ಕೆ, ಹಬ್ಬಕ್ಕೆ, ಬೀಗರು ಬಂದಾಗ ಮಾತ್ರ ಬೇಕಾದದ್ದು ಬಾಗಿಲಿನ ಮೇಲಿನ ಅಟ್ಟಕ್ಕೆ. ಭಾರ ಇದ್ದದ್ದು ಯಾವಾಗಲೂ ಕೆಳಗೇ. ಕಬ್ಬಿಣದ ಕಡಾಯಿ, ರುಬ್ಬುವ ಕಲ್ಲು ಅಟ್ಟ ಹತ್ತಿದರೆ ಇಳಿಸುವ ದಿನ ಯಾರದೋ ಕಾಲಿಗೆ ಪೆಟ್ಟು.

ಮದುವೆಯಲ್ಲಿ ಆಹೇರಿ (ಉಡುಗೊರೆ) ಬಂದ ಸಾಮಾನಿಗೆ ಮಾತ್ರ ಸ್ವಲ್ಪ ಕಲ್ಲುಮನಸ್ಸು ಮಾಡಿ. ಒಂದೇ ತರಹದ ಮೂರು ಸ್ಟೀಲ್ ಡಬ್ಬಿ ಸೆಟ್ಟು, ಎರಡು ಇಡ್ಲಿ ಪಾತ್ರೆ, ಡಬ್ಬದಿಂದ ಹೊರಗೇ ಬರದ ಗ್ಲಾಸುಗಳು. ಇವನ್ನು ಮತ್ತೊಬ್ಬರ ಮದುವೆಗೆ ದಾಟಿಸುವುದು ನಮ್ಮಲ್ಲಿ ಹೊಸದೇನಲ್ಲ, ನಾಚಿಕೆ ಬೇಡ. ಕೊಡಲಿಕ್ಕೆ ಅಂತ ಇಟ್ಟ ಖಣ, ಟವೆಲ್ಲು, ಸೀರೆ ಎಲ್ಲ ಒಂದೇ ಟ್ರಂಕಿನಲ್ಲಿರಲಿ. ಮೂರು ಕಡೆ ಹಂಚಿಹೋದರೆ ಇದ್ದದ್ದು ಮರೆತು ಮತ್ತೆ ಕೊಳ್ಳುತ್ತೀರಿ.

3. ನೀರು: ಹಾಲಿನ ಕಾಲು ಭಾಗ ನುಂಗುವ ಬ್ಯಾರಲ್‌ಗಳು

ಅವಳಿ ನಗರಕ್ಕೆ ಮುಖ್ಯವಾಗಿ ಬರುವುದು ಮಲಪ್ರಭೆಯ ನೀರು, ಸವದತ್ತಿ ಹತ್ತಿರದ ರೇಣುಕಾ ಸಾಗರದಿಂದ. ಕೆಲವು ಆಯ್ದ ವಾರ್ಡುಗಳಲ್ಲಿ 2008ರ ಸುಮಾರಿಗೇ ದಿನದ 24 ಗಂಟೆ ನೀರು ಬರತೊಡಗಿತು. ಉಳಿದ ಓಣಿಗಳಲ್ಲಿ ನಳ ಬರುವ ದಿನವೇ ಒಂದು ಹಬ್ಬ. ನಳ ಬಂದಾಗ ಸಿಕ್ಕಿದ್ದೆಲ್ಲ ತುಂಬಿಡುವುದು ರೂಢಿ. ಆ ರೂಢಿಗೆ ಎಷ್ಟು ಜಾಗ ಹೋಗುತ್ತಿದೆ, ಒಮ್ಮೆ ಲೆಕ್ಕ ಹಾಕೋಣ.

ನಗರಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ಸರಕಾರದ ಅಳತೆ. ಹಿಡಿದು ಬಳಸುವ ಮನೆಯಲ್ಲಿ 80 ಲೀಟರ್ ಅಂದುಕೊಳ್ಳಿ. ನಾಲ್ಕು ಜನಕ್ಕೆ ದಿನಕ್ಕೆ 320. ಐದು ದಿನಕ್ಕೊಮ್ಮೆ ನಳ ಬಂದರೆ 1,600 ಲೀಟರ್ ಬೇಕು. 200 ಲೀಟರಿನ ಬ್ಯಾರಲ್ ಸುಮಾರು ಎರಡು ಅಡಿ ಅಗಲ ಇರುತ್ತದೆ, ಅಂದರೆ ನೆಲದ ಮೇಲೆ 4 ಚದರ ಅಡಿ. ಎಂಟು ಬ್ಯಾರಲ್‌ಗೆ 32 ಚದರ ಅಡಿ. 120 ಚದರ ಅಡಿಯ ಹಾಲಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು ಅಲ್ವಾ?

1,000 ಲೀಟರಿನ ನಿಂತ ಟ್ಯಾಂಕು, ನಾವು ಯಾವ ಕಂಪನಿಯದಾದರೂ ಸಿಂಟೆಕ್ಸ್ ಅಂತಲೇ ಕರೆಯುವುದು, ಮೂರೂವರೆ ಅಡಿ ಅಗಲದ್ದು. ಸುಮಾರು 12 ಚದರ ಅಡಿಯಲ್ಲಿ ಐದು ಬ್ಯಾರಲ್‌ನ ನೀರು ಹಿಡಿಯುತ್ತದೆ. ಮೇಲಾಗಿ ಅದನ್ನು ಮನೆಯ ಹೊರಗೆ ಇಡಬಹುದು. ಹಿತ್ತಲು, ಮೆಟ್ಟಿಲ ಕೆಳಗಿನ ಮೂಲೆ, ಗೇಟಿನ ಪಕ್ಕದ ಸಂದಿ, ಎಲ್ಲಾದರೂ ಸರಿ. ಮನೆಯೊಳಗೆ ಬಚ್ಚಲ ಹತ್ತಿರ ಮೂರು ಬ್ಯಾರಲ್ ಉಳಿದರೆ ಸಾಕು. ಬಾಡಿಗೆಯವರಾದರೆ ಟ್ಯಾಂಕಿನ ಮಾತನ್ನು ಮಾಲೀಕರ ಹತ್ತಿರ ಮೊದಲೇ ಆಡಿ ಮುಗಿಸಿ. ಮನೆ ಬಿಡುವಾಗ ಟ್ಯಾಂಕು ಯಾರದ್ದು ಅನ್ನುವುದೂ ಅದೇ ಮಾತಿನಲ್ಲಿ ಬರಲಿ.

ಇಲ್ಲಿ ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಬಚ್ಚಲ ಮೇಲಿನ ಅಟ್ಟದಲ್ಲಿ ಟ್ಯಾಂಕು ಕೂರಿಸಬೇಡಿ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. 500 ಲೀಟರ್ ಅಂದರೆ ಅರ್ಧ ಟನ್. ವಾಸದ ಮನೆಯ ಕೋಣೆಯ ಸ್ಲ್ಯಾಬನ್ನೇ ಚದರ ಮೀಟರಿಗೆ ಸುಮಾರು 200 ಕೆಜಿ ಸಾಮಾನು-ಜನರ ಭಾರ ಬೀಳುತ್ತದೆ ಅನ್ನುವ ಲೆಕ್ಕದಲ್ಲಿ ಕಟ್ಟುತ್ತಾರೆ. ಅಟ್ಟದ ತೆಳು ಸ್ಲ್ಯಾಬು ಕಟ್ಟಿದ್ದು ಹಾಸಿಗೆ, ಪಾತ್ರೆಗೆ. ಮಾಳಿಗೆಯ ಮೇಲೆ ಇಡುವುದಾದರೂ ಕಂಬ ಅಥವಾ ಗೋಡೆಯ ನೇರಕ್ಕೇ ಇಡಬೇಕು, ನಡುಮಧ್ಯಕ್ಕೆ ಬೇಡ. ಕಟ್ಟಿದ ಮೇಸ್ತ್ರಿಯನ್ನೋ ಎಂಜಿನಿಯರನ್ನೋ ಕೇಳಿಯೇ ಇಡಿ.

ಕುಡಿಯುವ ನೀರಿಗೆ ಮಾತ್ರ ಕೊಡಗಳೇ ಚೆಂದ. ಆದರೆ ನೆಲದ ಮೇಲೆ ಸಾಲಾಗಿ ಬೇಡ. ಮೂರು ಹಂತದ ಕಬ್ಬಿಣದ ಸ್ಟ್ಯಾಂಡು ಮಾಡಿಸಿ, ಒಂದೂವರೆ ಅಡಿ ಅಗಲದ್ದು. ಅಡುಗೆಮನೆ ಮೂಲೆಯಲ್ಲಿ ಒಂದರ ಮೇಲೊಂದು ಮೂರು ಕೊಡ ನಿಲ್ಲುತ್ತವೆ. ತುಂಬಿದ ಕೊಡ ಎತ್ತುವಾಗ ಸೊಂಟದ ಎತ್ತರದ ಹಂತವೇ ಸುಲಭ, ಹಾಗಾಗಿ ದಿನದ ಕೊಡ ನಡುವೆ ಇರಲಿ.

ಎಲ್ಲ ಬ್ಯಾರಲ್‌ಗೂ ಬಿಗಿ ಮುಚ್ಚಳ ಬೇಕೇ ಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿ ನೀರಿನಲ್ಲೇ. ಬೇಸಿಗೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ನಳ ಬರುವ ಹಿಂದಿನ ದಿನ ಒಂದು ಬ್ಯಾರಲ್ ಖಾಲಿ ಮಾಡಿ, ಒಳಗೋಡೆ ತಿಕ್ಕಿ ಒಣಗಿಸಿ. ಸರದಿ ಮೇಲೆ ಎಲ್ಲವೂ ಸ್ವಚ್ಛ ಆಗುತ್ತವೆ. ಮುಚ್ಚಳದ ಮೇಲೆ ಹಲಗೆ ಹಾಕಿದರೆ ಬಕೆಟ್ಟು, ಸೋಪಿನ ಡಬ್ಬಿ ಇಡಲು ಅದೇ ಒಂದು ಕಟ್ಟೆ.

4. ಜೋಳ, ಮೆಣಸಿನಕಾಯಿ, ವರ್ಷದ ಸಾಮಾನು

ಹಳ್ಳಿಮನೆಗೆ ಹಗೇವು ಇತ್ತು. ನೆಲದೊಳಗೆ ಜೋಳ, ನೆಲದ ಮೇಲೆ ಸಂಸಾರ. ಊರಿನಿಂದ ಪೇಟೆಗೆ ಬಂದ ಮೇಲೂ ವರ್ಷದ ಜೋಳ ಒಂದೇ ಸಲ ತುಂಬುವ ಅಭ್ಯಾಸ ಬಿಟ್ಟಿಲ್ಲ. ನನ್ನ ಕೇಳಿದರೆ, ಸಣ್ಣ ಮನೆಯಲ್ಲಿ ಮೂರು ತಿಂಗಳದ್ದು ಮಾತ್ರ ತನ್ನಿ. ಸುಗ್ಗಿಯಲ್ಲಿ ಕೊಂಡರೆ ನಾಲ್ಕು ರೂಪಾಯಿ ಉಳಿಯಬಹುದು. ಆದರೆ ಆ ಚೀಲಗಳು ವರ್ಷವಿಡೀ ಕೂರುವ ಜಾಗಕ್ಕೂ ನೀವು ಬಾಡಿಗೆ ಕಟ್ಟುತ್ತಿದ್ದೀರಿ. ಊರಲ್ಲಿ ಮನೆ ಇದ್ದರೆ ಜೋಳ ಅಲ್ಲೇ ಇರಲಿ, ಹೋಗಿಬರುವಾಗ ಸ್ವಲ್ಪ ಸ್ವಲ್ಪ ತಂದರಾಯಿತು.

ಒಂದು ಕ್ವಿಂಟಲ್ ಜೋಳಕ್ಕೆ ಹತ್ತಿರ ಹತ್ತಿರ ಐದು ಘನ ಅಡಿ ಜಾಗ ಬೇಕು. ಒಂದೂವರೆ ಅಡಿ ಅಗಲ, ಮೂರು ಅಡಿ ಎತ್ತರದ ತಗಡಿನ ಡ್ರಮ್ಮಿನಲ್ಲಿ ಅದು ಆರಾಮಾಗಿ ಹಿಡಿಸುತ್ತದೆ. ಚೀಲ ಅಡ್ಡ ಮಲಗಿದರೆ ಇದರ ಎರಡರಷ್ಟು ನೆಲ ಹೋಗುತ್ತದೆ, ಇಲಿಗೂ ಅನುಕೂಲ. ಡ್ರಮ್ಮನ್ನು ನೇರ ನೆಲದ ಮೇಲೆ ಇಡದೆ ಕಟ್ಟಿಗೆ ಪಟ್ಟಿಗಳ ಮೇಲೆ ಇಡಿ. ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ. ತುಂಬುವ ಮೊದಲು ಕಾಳನ್ನು ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಒಣಗಿದ ಬೇವಿನ ಎಲೆ ಸೇರಿಸಿ ಮುಚ್ಚಿ. ಡ್ರಮ್ಮಿನ ತಲೆಯ ಮೇಲೆ ಒಂದು ಚೌಕ ಹಲಗೆ ಬಡಿದರೆ ಮಿಕ್ಸರ್ ಇಡುವ ಜಾಗ ತಯಾರು.

ಬ್ಯಾಡಗಿ ಮೆಣಸಿನಕಾಯಿ ಬೆಲೆಯೇ ಅದರ ಬಣ್ಣಕ್ಕೆ. ಬೆಳಕು, ತೇವ ಎರಡೂ ಅದಕ್ಕೆ ಆಗುವುದಿಲ್ಲ. ಒಲೆಯ ಮೇಲಿನ ಶೆಲ್ಫಿನಲ್ಲಿ ಗಾಜಿನ ಭರಣಿಯಲ್ಲಿ ಇಟ್ಟರೆ ನೋಡಲು ಚೆಂದ, ಬಣ್ಣ ಮಾತ್ರ ಉಳಿಯುವುದಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಿ. ಡಬ್ಬಿ ಕೊಳ್ಳುವಾಗ ದುಂಡನೆಯದು ಬಿಟ್ಟು ಚೌಕದ್ದು ಆರಿಸಿ. ದುಂಡು ಡಬ್ಬಿಗಳ ನಡುವಿನ ಸಂದಿಯಲ್ಲಿ ಶೆಲ್ಫಿನ ಐದನೇ ಒಂದು ಭಾಗ ಸುಮ್ನೆ ಹೋಗುತ್ತದೆ. ದುರ್ಗದಬೈಲಿನ ಪಾತ್ರೆ ಅಂಗಡಿಗಳಲ್ಲಿ ಎರಡೂ ತರಹದ್ದು ಕೇಳಿ ನೋಡಿ.

5. ಕೌದಿಯನ್ನು ಲೋಡು (ಒರಗುದಿಂಬು) ಮಾಡಿ

ಕೌದಿ ಎಸೆಯುವಂತಿಲ್ಲ, ಕಪಾಟಿನಲ್ಲಿ ಹಿಡಿಸುವುದೂ ಇಲ್ಲ. ನಾಲ್ಕು ಕೌದಿ ಮಡಚಿಟ್ಟರೆ ಕಪಾಟಿನ ಒಂದು ಪೂರ್ತಿ ಅಂಕಣ ಹೋಯಿತು.

ಹೀಗೆ ಮಾಡಿ. ಬೇಸಿಗೆಯಲ್ಲಿ ಕೌದಿ ಒಗೆದು ಎರಡು ದಿನ ಗಟ್ಟಿ ಬಿಸಿಲಿಗೆ ಹಾಕಿ. ಉದ್ದಕ್ಕೆ ಎರಡು ಮಡಿಕೆ ಮಾಡಿ ಬಿಗಿಯಾಗಿ ಸುತ್ತಿ. ಸುರುಳಿಯನ್ನು ಎರಡು ಕಡೆ ಲಾಡಿಯಿಂದ ಕಟ್ಟಿ. ಅದರ ಅಳತೆಗೆ ದಪ್ಪ ಬಟ್ಟೆಯ ಗವಸು ಹೊಲಿಸಿ, ಒಂದು ತುದಿಗೆ ಚೈನು ಇರಲಿ. ಒಳಗೆ ಒಂದು ಕೌದಿ ಹೋದರೆ ಗಟ್ಟಿಯಾದ ಲೋಡು ಸಿಕ್ಕಿತು. ಹಾಲಿನ ಗೋಡೆಗೆ ಮೂರು ಲೋಡು ಆನಿಸಿ, ಕೆಳಗೆ ನವಲಗುಂದ ಜಮಖಾನೆ ಹಾಸಿ. ಕೂರಲು ಇಷ್ಟು ಸಾಕು. ಬೀಗರು ಬಂದ ರಾತ್ರಿ ಚೈನು ತೆಗೆದರೆ ಹೊದಿಕೆ ರೆಡಿ. ಉಳಿದ ಒಂದು ಕೌದಿಯನ್ನು ಗಾದಿಯ ಮೇಲೆ, ಚಾದರದ ಕೆಳಗೆ ಹಾಸಿಬಿಡಿ.

6. ಹಾಲಿನಲ್ಲಿ ಸೋಫಾ ಬೇಕೇ?

ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೂರು ಸೀಟಿನ ಸೋಫಾ, ಜೊತೆಗೆ ಎರಡು ಒಂಟಿ ಕುರ್ಚಿ, ಇವೇ ಸುಮಾರು 37 ಚದರ ಅಡಿ ನುಂಗುತ್ತವೆ. ಅಂದರೆ ಹಾಲಿನ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಅದರ ಕೆಳಗೆ ಏನೂ ಇಡಲಾಗದು, ಮೇಲೆ ಯಾರೂ ಕಾಲು ಚಾಚಿ ಮಲಗಲಾಗದು. ಬದಲಿಗೆ 6 ಅಡಿ ಉದ್ದ, ಎರಡೂವರೆ ಅಡಿ ಅಗಲದ ದಿವಾನ ಮಾಡಿಸಿ, ಕೆಳಗೆ ಎಳೆಯುವ ಡ್ರಾಯರು ಇರಲಿ. 15 ಚದರ ಅಡಿಯಲ್ಲಿ ನಾಲ್ಕು ಜನ ಕೂರುತ್ತಾರೆ, ಒಬ್ಬರು ಮಲಗುತ್ತಾರೆ, ಒಳಗೆ ಎರಡು ಟ್ರಂಕಿನ ಸಾಮಾನು. ಮೇಲಿನ ಹಲಗೆ ಎತ್ತುವ ತರಹದ್ದು ಬೇಡ. ಕೂತವರನ್ನೆಲ್ಲ ಎಬ್ಬಿಸಬೇಕಾಗುತ್ತದೆ.

ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆ ಬಂದರೆ ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಹಾಲೇ ಮಲಗುವ ಕೋಣೆ. ಹಾಗಾಗಿ ನಡುವೆ ಇಡುವುದೆಲ್ಲ ಒಬ್ಬರೇ ಎತ್ತಿ ಸರಿಸುವಂತಿರಬೇಕು. ಟೀಪಾಯಿ ಬದಲು ಒಂದರೊಳಗೊಂದು ಕೂರುವ ಸ್ಟೂಲುಗಳು ಸಾಕು. ಗೋಡೆಗೆ ಮಡಚುವ ಹಲಗೆ ಒಂದಿದ್ದರೆ ಮಕ್ಕಳ ಓದಿಗಾಯಿತು, ಚೌತಿಗೆ ಗಣಪತಿ ಕೂರಿಸಲಿಕ್ಕೂ ಆಯಿತು. ಅದು ಎರಡು ಅಡಿ ಅಗಲ, 30 ಇಂಚು ಎತ್ತರ ಇರಲಿ, ಕೆಳಗೆ ಗಟ್ಟಿ ಬ್ರಾಕೆಟ್ಟು ಬೇಕು.

7. ಗೋಡೆಗೆ ಕೈ ಹಾಕುವ ಮೊದಲು

ಯಾವ ಗೋಡೆ ಅಂತ ತಿಳಿಯಿರಿ. 9 ಇಂಚಿನ ಇಟ್ಟಿಗೆ ಗೋಡೆ ಭಾರ ಹೊರುತ್ತದೆ. ನಾಲ್ಕೂವರೆ ಇಂಚಿನ ಅಡ್ಡಗೋಡೆಗೆ ಪುಸ್ತಕ, ಪಾತ್ರೆ ತುಂಬಿದ ಉದ್ದ ಶೆಲ್ಫು ಹಾಕಬೇಡಿ. ಹೊಸಯಲ್ಲಾಪುರ, ಹಳೇ ಹುಬ್ಬಳ್ಳಿ ಕಡೆಯ ಮಣ್ಣಿನ ಗೋಡೆಯ ಮನೆಗಳಲ್ಲಿ ಮೊಳೆ ನಿಲ್ಲುವುದೇ ಇಲ್ಲ. ಅಲ್ಲಿ ಹಳಬರು ಬಿಟ್ಟುಹೋದ ಮಾಡಗಳಿವೆ. ಗೋಡೆಯ ದಪ್ಪದಲ್ಲೇ ಕೊರೆದ ಆ ಗೂಡುಗಳನ್ನು ಎಷ್ಟೋ ಮಂದಿ ಪ್ಲಾಸ್ಟರ್ ಮಾಡಿ ಮುಚ್ಚಿಸುತ್ತಾರೆ, ಆಮೇಲೆ ಅದೇ ಗೋಡೆಗೆ ಕಪಾಟು ಆನಿಸುತ್ತಾರೆ. ಮುಚ್ಚಬೇಡಿ. ಮಾಡದೊಳಗೆ ನಡುವೆ ಒಂದು ಹಲಗೆ ಕೂರಿಸಿದರೆ ಒಂದಿದ್ದದ್ದು ಎರಡಾಗುತ್ತದೆ.

ನಮ್ಮ ಮಳೆ ಹೆಚ್ಚಾಗಿ ಪಡುವಣದಿಂದ ಹೊಡೆಯುತ್ತದೆ. ಧಾರವಾಡದಲ್ಲಿ ಇದು ಇನ್ನೂ ಜೋರು. ಪಡುವಣದ ಹೊರಗೋಡೆಗೆ ಕಟ್ಟಿಗೆಯ ಕಪಾಟು ತಾಗಿಸಿ ಇಟ್ಟರೆ ಆಷಾಢ ಮುಗಿಯುವಷ್ಟರಲ್ಲಿ ಹಿಂಬದಿಗೆ ಬೂಸರು. ಆ ಗೋಡೆಗೆ ಕಬ್ಬಿಣದ ರ‍್ಯಾಕು ಇರಲಿ, ಅದೂ ಮೂರು ಇಂಚು ಬಿಟ್ಟು.

ಡ್ರಿಲ್ ಮಾಡುವಾಗ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ತೂತು ಹಾಕಬೇಡಿ. ವೈರು ಅಲ್ಲೇ ಹೋಗಿರುತ್ತದೆ. ಬಚ್ಚಲಿನ ಗೋಡೆಯ ಮಗ್ಗುಲಲ್ಲಿ ಪೈಪು ಇರುತ್ತದೆ, ಅಲ್ಲೂ ಹುಷಾರು. ಬಾಗಿಲಿನ ಮೇಲೆ 7 ಅಡಿ ಎತ್ತರದಲ್ಲಿ ಒಂದು ಅಡಿ ಅಗಲದ ಶೆಲ್ಫನ್ನು ಕೋಣೆಯ ಎರಡು ಗೋಡೆಗೆ ಸುತ್ತು ಹಾಕಿದರೆ ಸೂಟ್‌ಕೇಸು, ಹಬ್ಬದ ಪಾತ್ರೆ, ಹಳೇ ಪುಸ್ತಕ ಎಲ್ಲ ಏರುತ್ತವೆ. ಮಂಚದ ತಲೆದಿಂಬಿನ ಮೇಲೆ ಮಾತ್ರ ಏನೂ ಬೇಡ.

ಮಾಲೀಕರು ಮೊಳೆ ಹೊಡೆಯಲು ಬಿಡದಿದ್ದರೆ ತೂತಿನ ಆಂಗಲ್ ರ‍್ಯಾಕು ನೋಡಿ. ಬೋಲ್ಟು ಬಿಚ್ಚಿದರೆ ಕಟ್ಟಿಗೆಯಂತೆ ಕಟ್ಟಿ ಒಯ್ಯಬಹುದು. ಹಂತಗಳ ಎತ್ತರವನ್ನೂ ಬೇಕಾದಾಗ ಬದಲಿಸಬಹುದು. ಬಾಡಿಗೆಯವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

8. ಅಡುಗೆಮನೆ

ಕಟ್ಟೆ 2 ಅಡಿ ಅಗಲ, 32ರಿಂದ 34 ಇಂಚು ಎತ್ತರ. ಮೇಲಿನ ಶೆಲ್ಫು ಒಂದು ಅಡಿ ಅಗಲಕ್ಕಿಂತ ಹೆಚ್ಚು ಬೇಡ, ತಲೆಗೆ ಬಡಿಯುತ್ತದೆ. ಕಟ್ಟೆಯಿಂದ 20 ಇಂಚಿನಷ್ಟು ಮೇಲೆ ಶುರುವಾಗಲಿ.

ಗ್ಯಾಸ್ ಸಿಲಿಂಡರನ್ನು ಕಟ್ಟೆ ಕೆಳಗೆ ನೆಟ್ಟಗೆ ನಿಲ್ಲಿಸಿ. ಒಲೆ ಸಿಲಿಂಡರಿಗಿಂತ ಎತ್ತರದಲ್ಲೇ ಇರಬೇಕು. ಜಾಗ ಉಳಿಸಲು ಅದನ್ನು ಬಿಗಿ ಬಾಗಿಲಿನ ಕಪಾಟಿನೊಳಗೆ ಮುಚ್ಚಬೇಡಿ. ಸೋರಿದ ಗ್ಯಾಸು ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಬಾಗಿಲು ಬೇಕೇ ಬೇಕು ಅಂದರೆ ಬುಡದಲ್ಲಿ ಗಾಳಿಕಿಂಡಿ ಇಡಿಸಿ.

ರೊಟ್ಟಿ ವಿಷಯಕ್ಕೆ ಬರೋಣ. ಗೋಡೆಗೆ ಮಡಚುವ ಹಲಗೆಯ ಮೇಲೆ ಚಪಾತಿ ಲಟ್ಟಿಸಬಹುದು, ಜೋಳದ ರೊಟ್ಟಿ ಬಡಿಯಲಾಗುವುದಿಲ್ಲ. ಬಡಿತಕ್ಕೆ ಹಲಗೆ ಕುಣಿಯುತ್ತದೆ, ಹಿಟ್ಟು ಸಿಡಿಯುತ್ತದೆ, ತಿಂಗಳೊಳಗೆ ಸ್ಕ್ರೂ ಸಡಿಲ. ಒಲೆಯ ಪಕ್ಕ ಕಲ್ಲಿನ ಕಟ್ಟೆಯ ಮೇಲೆ ಎರಡು ಅಡಿ ಉದ್ದ ಯಾವಾಗಲೂ ಖಾಲಿ ಇರಲಿ. ಮಿಕ್ಸರ್, ಫಿಲ್ಟರ್, ಮಸಾಲೆ ಡಬ್ಬಿ ಯಾವುದೂ ಅಲ್ಲಿಗೆ ಬರಬಾರದು. ಕೂತು ಬಡಿಯುವವರಾದರೆ ನೆಲದಲ್ಲಿ ಮೂರು ಅಡಿ ಚೌಕ ಬಿಡಿ. ಕಡಕ್ ರೊಟ್ಟಿಯ ಬುಟ್ಟಿಯನ್ನು ಛತ್ತಿನ ಕೊಂಡಿಗೆ ನೆಲುವು ಕಟ್ಟಿ ತೂಗಿಬಿಡಿ. ಇರುವೆಗೆ ಸಿಗುವುದಿಲ್ಲ, ಶೆಲ್ಫೂ ಖಾಲಿ.

ಸಿಂಕಿನ ಕೆಳಗೆ ಎಣ್ಣೆ ಡಬ್ಬಿ, ಬಕೆಟ್ಟು. ಬಾಗಿಲ ಹಿಂದೆ ಜರಡಿ, ಮೊರ, ಲಟ್ಟಣಿಗೆ ತೂಗುಹಾಕಲು ಕೊಕ್ಕೆ. ಅಷ್ಟೇ.

9. ಮಲಗುವ ಕೋಣೆ, ಮಳೆಗಾಲದ ಬಟ್ಟೆ

5×6.5 ಅಡಿಯ ಮಂಚ ಇಟ್ಟರೆ 10×10ರ ಕೋಣೆಯ ಮೂರನೇ ಒಂದು ಭಾಗ ಮುಗಿಯಿತು. ಹಾಗಾಗಿ ಮಂಚದ ಹೊಟ್ಟೆ ಖಾಲಿ ಬಿಡುವಂತಿಲ್ಲ. ಒಳಗೆ ವರ್ಷಕ್ಕೊಮ್ಮೆ ತೆಗೆಯುವ ಸಾಮಾನು ಇರಲಿ, ಧಾನ್ಯ ಬೇಡ. ಕಪಾಟಿಗೆ ತೆರೆಯುವ ಬಾಗಿಲಾದರೆ ಎದುರಿಗೆ ಒಂದೂವರೆಯಿಂದ ಎರಡು ಅಡಿ ಬಿಡಬೇಕು. ಸರಿಯುವ ಬಾಗಿಲಿಗೆ ಆ ಕಷ್ಟ ಇಲ್ಲ. ಸಪ್ತಾಪುರದ ಕಡೆ ಕೋಚಿಂಗ್‌ಗೆ ಬಂದು ಇಬ್ಬರು ಮೂವರು ಒಂದೇ ಕೋಣೆ ಹಿಡಿದವರಿಗೆ ಮೇಲೊಂದು ಕೆಳಗೊಂದು ಮಂಚವೇ ಸರಿ. ಫ್ಯಾನಿನ ರೆಕ್ಕೆ ಎಲ್ಲಿ ತಿರುಗುತ್ತದೆ ಅಂತ ನೋಡಿ ಇಡಿ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆಯಲ್ಲಿ ಕುರ್ಚಿ, ಬಾಗಿಲು, ಮಂಚ ಎಲ್ಲದರ ಮೇಲೂ ಒದ್ದೆ ಬಟ್ಟೆ. ಛತ್ತಿಗೆ ತೂಗುವ, ಹಗ್ಗ ಎಳೆದು ಇಳಿಸುವ ಪೈಪಿನ ಸ್ಟ್ಯಾಂಡು ಹಾಕಿಸಿ. ನೆಲದ ಒಂದು ಇಂಚೂ ಹೋಗುವುದಿಲ್ಲ. ಅದನ್ನು ಹಾಲಿನಲ್ಲಿ ಫ್ಯಾನಿನ ಪಕ್ಕ ಹಾಕಿ. ಮಲಗುವ ಕೋಣೆಗೆ ತೇವ ಒಳ್ಳೆಯದಲ್ಲ.

10. ಬಡಿಗೇರ ಹತ್ತಿರ ಹೋಗುವಾಗ

ನಿಮ್ಮ ಚೌಕುಳಿ ಹಾಳೆ ಜೊತೆಗಿರಲಿ. ರೇಟು ಎದುರುಭಾಗದ ಚದರ ಅಡಿ ಲೆಕ್ಕವೋ, ಶೀಟಿನ ಲೆಕ್ಕವೋ, ದಿನಗೂಲಿಯೋ ಅಂತ ಮೊದಲೇ ಕೇಳಿ. ಪ್ಲೈವುಡ್ ಶೀಟು 8×4 ಅಡಿಯದು, ಅಂದರೆ 32 ಚದರ ಅಡಿ. ಅಡುಗೆಮನೆಗೆ, ಬಚ್ಚಲ ಪಕ್ಕಕ್ಕೆ ನೀರು ತಡೆಯುವ ಐಎಸ್ 710 (ಭಾರತೀಯ ಮಾನಕದ ಅಂಕಿ) ಬೇಕು. ಉಳಿದ ಕಡೆ ಐಎಸ್ 303 ನಡೆಯುತ್ತದೆ. ಈ ಅಂಕಿ ಶೀಟಿನ ಮೇಲೇ ಅಚ್ಚಾಗಿರುತ್ತದೆ, ಸನ್‌ಮೈಕಾ ಅಂಟಿಸುವ ಮೊದಲು ನೋಡಿಕೊಳ್ಳಿ. ಶೆಲ್ಫಿಗೆ 18 ಮಿಲಿಮೀಟರ್ ದಪ್ಪ ಇರಲಿ. ಮೂರು ಅಡಿಗಿಂತ ಉದ್ದವಾದರೆ ನಡುವೆ ಆಧಾರ ಕೊಡಿಸಿ, ಇಲ್ಲದಿದ್ದರೆ ಬಾಗುತ್ತದೆ.

ಎಲ್ಲ ಒಂದೇ ಸಲ ಮಾಡಿಸಬೇಡಿ. ಮೊದಲು ನೀರಿನ ಟ್ಯಾಂಕು, ಆಮೇಲೆ ಅಡುಗೆಮನೆ, ನಂತರ ದಿವಾನ. ಮಲಗುವ ಕೋಣೆಯ ಕಪಾಟಿನ ಕೆಲಸವನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಯಿರಿ. ಯಾವ ಗೋಡೆ ಎಲ್ಲಿಯವರೆಗೆ ತೇವ ಹಿಡಿಯಿತು ಅಂತ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಆ ಗೋಡೆ ಬಿಟ್ಟು ಅಳತೆ ಕೊಡಿ.